ಹುಳುಕು ಹುಡುಕಿದವರಿಗೆ ಎರಡೂವರೆ ಡಾಲರು!

ಪರೀಕ್ಷೆಗೆ ಕೂತವರು ನೂರಕ್ಕೂ ಹೆಚ್ಚು ಮಂದಿ. ಒಬ್ಬರೂ ಹೈಸ್ಕೂಲು ಹುಡುಗರಲ್ಲ. ಎಲ್ಲರೂ ಕಂಪ್ಯೂಟರಿಗೆ ಪ್ರೋಗ್ರಾಮು ಬರೆದೇ ಅನ್ನ ತಿನ್ನುವ ಕಸುಬುದಾರರು. ಕೊಟ್ಟ ಪ್ರಶ್ನೆ ಒಂದೇ ಒಂದು. ಟೈಮು ಒಂದು ಗಂಟೆ, ಕೆಲವು ಸಲ ಅದಕ್ಕೂ ಜಾಸ್ತಿ. ಉತ್ತರ ಬರೆಯಲು ಒಂದು ಪುಟ ಧಾರಾಳ ಸಾಕು. ಟೈಮು ಮುಗಿದಾಗ ಹೆಚ್ಚುಕಮ್ಮಿ ಎಲ್ಲರೂ ತಮ್ಮದು ಸರಿ ಇದೆ ಎಂದೇ ಹೇಳಿದರು.

ಆಮೇಲೆ ಅರ್ಧ ಗಂಟೆ ಅವರವರ ಉತ್ತರವನ್ನು ಅವರವರೇ ಒರೆಗೆ ಹಚ್ಚಿ ನೋಡಿದರು. ನೂರಕ್ಕೆ ತೊಂಬತ್ತು ಮಂದಿಯ ಉತ್ತರದಲ್ಲಿ ಹುಳುಕು!

ಇದು ನಡೆದದ್ದು ಅಮೆರಿಕದ ಬೆಲ್ ಲ್ಯಾಬ್ಸ್ ಮತ್ತು ಐಬಿಎಂ ಸಂಸ್ಥೆಗಳ ತರಗತಿಗಳಲ್ಲಿ. ಪರೀಕ್ಷೆ ಕೊಟ್ಟ ಮೇಷ್ಟ್ರ ಹೆಸರು ಜಾನ್ ಬೆಂಟ್ಲಿ. 1986ರಲ್ಲಿ ಬಂದ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಎಂಬ ತನ್ನ ಪುಸ್ತಕದಲ್ಲಿ ಆತ ಈ ಕತೆಯನ್ನು ಹೇಳಿಕೊಂಡ. ತಮಾಷೆ ಇರುವುದು ತೊಂಬತ್ತು ಮಂದಿ ಫೇಲಾದದ್ದರಲ್ಲಲ್ಲ. ಮೇಷ್ಟ್ರು ತಾನೇ ಬರೆದು, ಗಣಿತದ ಲೆಕ್ಕ ಹಾಕಿ ಸರಿ ಎಂದು ಸಾಧಿಸಿ ತೋರಿಸಿದ ಉತ್ತರವಿತ್ತಲ್ಲ, ಅದರೊಳಗೂ ಒಂದು ಹುಳ ಅಡಗಿ ಕೂತಿತ್ತು!

ಹುಳ ಮತ್ತು ಹುಳುಕು

ಕಂಪ್ಯೂಟರು ತಾನಾಗಿ ಯೋಚನೆ ಮಾಡುವುದಿಲ್ಲ. ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ ಸಾಲು ಸಾಲಾಗಿ ಬರೆದು ಕೊಟ್ಟರೆ ಅಷ್ಟನ್ನು ಮಾಡುತ್ತದೆ. ಹಾಗೆ ಬರೆದ ಸಾಲುಗಳೇ ಪ್ರೋಗ್ರಾಮು. ಅದರೊಳಗಿನ ತಪ್ಪಿಗೆ ಆ ಕಸುಬಿನವರು ‘ಬಗ್’ ಅನ್ನುತ್ತಾರೆ. ಬಗ್ ಅಂದರೆ ಹುಳ.

ಯಂತ್ರದ ದೋಷಕ್ಕೆ ಈ ಮಾತು ಎಡಿಸನ್ನನ ಕಾಲದಿಂದಲೂ ಇತ್ತು. ಆದರೆ 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ‘ಮಾರ್ಕ್ 2’ ಎಂಬ ಯಂತ್ರ ಕೆಟ್ಟು ನಿಂತಾಗ, ಒಳಗೆ ಸಿಕ್ಕಿದ್ದು ನಿಜವಾದ ಪತಂಗದ ಹುಳ. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರು. ಆ ಪುಸ್ತಕ, ಆ ಹುಳ ಎರಡೂ ಇಂದಿಗೂ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿವೆ.

ನಮಗೆ ಈ ಮಾತು ಹೊಸದೇನಲ್ಲ ಬಿಡಿ. ಹುಳುಕು ಹಲ್ಲು, ಹುಳುಕು ಬದನೆಕಾಯಿ ನೋಡದವರು ಯಾರು? ಹೊರಗೆ ಫಳಫಳ, ಕೊಯ್ದರೆ ಒಳಗೆ ಹುಳ. ಪ್ರೋಗ್ರಾಮಿನ ಹುಳುಕೂ ಥೇಟು ಹಾಗೇನೇ.

ಪ್ರಶ್ನೆ ಏನು?

ಬೆಂಟ್ಲಿ ಮೇಷ್ಟ್ರ ಪ್ರಶ್ನೆ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಸಾವಿರ ಪುಟದ ಒಂದು ಉದ್ರಿ ಪುಸ್ತಕ ಇದೆ ಎನ್ನಿ. ಪುಟಕ್ಕೊಬ್ಬ ಗಿರಾಕಿ. ಹೆಸರುಗಳೆಲ್ಲ ಅಕಾರಾದಿಯಾಗಿ ಬರೆದಿವೆ. ಈಗ ‘ರಾಮಣ್ಣ’ನ ಪುಟ ಬೇಕು. ಒಂದನೇ ಪುಟದಿಂದ ತಿರುವುತ್ತಾ ಕೂತರೆ ಅಂಗಡಿ ಬಾಗಿಲು ಹಾಕುವ ಹೊತ್ತಾದೀತು. ಅದಕ್ಕೇ ನೇರ ನಡುವಿನ ಪುಟ ತೆಗೆಯಬೇಕು. ಅಲ್ಲಿ ‘ನಾಗಣ್ಣ’ ಸಿಕ್ಕಿದ. ರಾಮಣ್ಣ ಅವನಿಗಿಂತ ಮುಂದೆ. ಹಾಗಾದರೆ ಮೊದಲರ್ಧ ಬಿಟ್ಟು ಹಾಕಿ, ಉಳಿದರ್ಧದ ನಡುವಿನ ಪುಟ ತೆಗೆಯಬೇಕು. ಹೀಗೇ ಅರ್ಧ, ಅರ್ಧದಲ್ಲರ್ಧ ಮಾಡುತ್ತಾ ಹೋದರೆ ಸಾವಿರ ಪುಟದಲ್ಲಿ ರಾಮಣ್ಣ ಸಿಗಲು ಹತ್ತು ಸಲ ತೆಗೆದರೆ ಸಾಕು. ನೂರು ಕೋಟಿ ಹೆಸರಿದ್ದರೂ ಮೂವತ್ತೇ ಸಲ!

ಇದಕ್ಕೆ ‘ಬೈನರಿ ಸರ್ಚ್’ ಎಂದು ಹೆಸರು. ಎಷ್ಟು ಸುಲಭ ಅನ್ನಿಸುತ್ತದೆ ಅಲ್ಲವೆ? ಆದರೆ ಬರೆಯಲು ಕೂತರೆ ಮುಳ್ಳು. ಪುಸ್ತಕ ಖಾಲಿ ಇದ್ದರೆ? ರಾಮಣ್ಣನ ಹೆಸರೇ ಇಲ್ಲದಿದ್ದರೆ? ಅವನು ಕಟ್ಟಕಡೆಯ ಪುಟದಲ್ಲಿದ್ದರೆ? ಇಂಥ ಮೂಲೆಗಳಲ್ಲೇ ಎಡವುವುದು. ಮನುಷ್ಯನಾದರೆ ‘ಇಲ್ಲ ಬಿಡು’ ಅಂತ ಪುಸ್ತಕ ಮುಚ್ಚುತ್ತಾನೆ. ಯಂತ್ರ ಹಾಗಲ್ಲ, ನಿಲ್ಲು ಅಂತ ಬರೆದಿಲ್ಲವಾದರೆ ರಾತ್ರಿಯೆಲ್ಲ ಹುಡುಕುತ್ತಲೇ ಇರುತ್ತದೆ. ಈ ಉಪಾಯ ಮೊದಲು ಅಚ್ಚಾದದ್ದು 1946ರಲ್ಲಿ. ತಪ್ಪಿಲ್ಲದ ಪ್ರೋಗ್ರಾಮು ಅಚ್ಚಾಗಲು 1962ರವರೆಗೆ ಕಾಯಬೇಕಾಯಿತು ಎಂದು ಈ ವಿದ್ಯೆಯ ಭೀಷ್ಮ ಎನಿಸಿದ ಪ್ರೊಫೆಸರ್ ಡೊನಾಲ್ಡ್ ಕನೂತ್ ಗುರುತು ಹಾಕಿದ್ದಾರೆ. ಹದಿನಾರು ವರ್ಷ!

ಈಗ ಓದುಗರಿಗೇ ಒಂದು ಪಂಥ. ನಡುವಿನ ಪುಟ ಕಂಡುಹಿಡಿಯಲು ಮೇಷ್ಟ್ರು ಬರೆದದ್ದು ಇಷ್ಟೇ: ಈ ಕಡೆಯ ಪುಟದ ನಂಬರು, ಆ ಕಡೆಯ ಪುಟದ ನಂಬರು ಎರಡನ್ನೂ ಕೂಡಿಸು, ಎರಡರಿಂದ ಭಾಗಿಸು. ಇದರಲ್ಲಿ ಹುಳುಕು ಎಲ್ಲಿದೆ? ಮುಂದಿನ ಸ್ಟಾಪು ಬರುವಷ್ಟರಲ್ಲಿ ಯೋಚಿಸಿ.

ಶಿಷ್ಯನ ಕೈಗೆ ಸಿಕ್ಕಿದ್ದು

ಬೆಂಟ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲೂ ಇದೇ ಪರೀಕ್ಷೆ ಕೊಟ್ಟಿದ್ದ. ಹೊಸದಾಗಿ ಡಾಕ್ಟರೇಟಿಗೆ ಸೇರಿದ ಹುಡುಗರಿಗೆ ಬರೆಯಲು ಹೇಳಿ, ಒಬ್ಬರ ಉತ್ತರವನ್ನು ಎಲ್ಲರೆದುರು ಕೊಯ್ದು ತೋರಿಸಿದ. ಅದರಲ್ಲಿ ಹುಳುಕಿತ್ತು. ಉಳಿದವರದರಲ್ಲೂ ಹೆಚ್ಚಿನವು ಹಾಗೇ ಇದ್ದವು. ಅಂದು ಕ್ಲಾಸಿನಲ್ಲಿ ಕೂತಿದ್ದವರಲ್ಲಿ ಜೋಶುವಾ ಬ್ಲಾಕ್ ಎಂಬಾತನೂ ಒಬ್ಬ. ಪಾಠ ಅವನ ಮನಸ್ಸಿನಲ್ಲಿ ನಿಂತಿತು.

ಮುಂದೆ ಇದೇ ಬ್ಲಾಕ್ ‘ಜಾವಾ’ ಎಂಬ ಕಂಪ್ಯೂಟರು ಭಾಷೆಗೆ ಬೈನರಿ ಸರ್ಚಿನ ಪ್ರೋಗ್ರಾಮು ಬರೆದುಕೊಟ್ಟ. ಜಾವಾ ಅಂದರೆ ಸಣ್ಣ ವಿಷಯ ಅಲ್ಲ. ಬ್ಯಾಂಕಿನ ಕಂಪ್ಯೂಟರುಗಳಲ್ಲಿ ಅದು, ಜೇಬಿನ ಆಂಡ್ರಾಯ್ಡ್ ಫೋನಿನ ಆ್ಯಪುಗಳಲ್ಲಿ ಅದು. ಮೇಷ್ಟ್ರು ಹೇಳಿಕೊಟ್ಟಂತೆಯೇ ಬರೆದದ್ದು, ತಪ್ಪು ಎಲ್ಲಿಂದ ಬರಬೇಕು? ಸುಮಾರು ಒಂಬತ್ತು ವರ್ಷ ಯಾರೂ ತಕರಾರು ಎತ್ತಲಿಲ್ಲ. ಆಮೇಲೆ ಯಾರದೋ ಪ್ರೋಗ್ರಾಮು ಇದ್ದಕ್ಕಿದ್ದಂತೆ ಮುಗ್ಗರಿಸಿತು. ಹುಡುಕುತ್ತಾ ಹೋದರೆ ಹುಳ ಸಿಕ್ಕಿದ್ದು ಬ್ಲಾಕ್ ಬರೆದ ಆರನೇ ಸಾಲಿನಲ್ಲಿ. ಅದೇ ಸಾಲು: ಎರಡನ್ನೂ ಕೂಡಿಸು, ಎರಡರಿಂದ ಭಾಗಿಸು!

ಬಸ್ಸಿನ ಮೀಟರಿನ ಲೆಕ್ಕ

ಹಳೇ ಬಸ್ಸುಗಳ ಕಿಲೋಮೀಟರು ಮೀಟರಿಗೆ ಐದೇ ಮನೆ ಎಂದು ಇಟ್ಟುಕೊಳ್ಳಿ. 99999 ಆದ ಮೇಲೆ ಇನ್ನೊಂದು ಕಿಲೋಮೀಟರು ಓಡಿದರೆ? ಲಕ್ಷ ತೋರಿಸಲು ಜಾಗ ಇಲ್ಲ. ಮೀಟರು ತಿರುಗಿ 00000ಕ್ಕೆ ಬರುತ್ತದೆ. ಬಸ್ಸು ಮುದುಕ, ಮೀಟರು ಹಸುಗೂಸು!

ಈಗ ಐದು ಮನೆಯ ಆ ಮೀಟರಿನಲ್ಲೇ ಲೆಕ್ಕ ಮಾಡಬೇಕು ಎನ್ನಿ. 60000 ಮತ್ತು 80000 ಇವೆರಡರ ನಡುವೆ ಯಾವುದು? 70000 ಅಂತ ಬಾಯಲ್ಲೇ ಹೇಳುತ್ತೀರಿ. ಮೀಟರು ಏನು ಮಾಡುತ್ತದೆ? ಮೊದಲು ಕೂಡಿಸುತ್ತದೆ. ಒಂದು ಲಕ್ಷ ನಲವತ್ತು ಸಾವಿರ. ಆದರೆ ಲಕ್ಷದ ಮನೆ ಇಲ್ಲವಲ್ಲ, 40000 ಅಂತಲೇ ತೋರಿಸುತ್ತದೆ. ಅರ್ಧ ಮಾಡಿದರೆ 20000. ಎಲ್ಲಿಯ ಎಪ್ಪತ್ತು, ಎಲ್ಲಿಯ ಇಪ್ಪತ್ತು!

ಕಂಪ್ಯೂಟರಿನೊಳಗೂ ಸಂಖ್ಯೆ ಬರೆಯುವ ಮನೆಗಳಿಗೆ ಮಿತಿ ಇದೆ. ಜಾವಾದಲ್ಲಿ ಮಾಮೂಲಿ ಸಂಖ್ಯೆಗೆ ಕೊಟ್ಟ ಜಾಗದಲ್ಲಿ ಹಿಡಿಸುವುದು 214 ಕೋಟಿ 74 ಲಕ್ಷ 83 ಸಾವಿರದ 647ರವರೆಗೆ. ಅದಕ್ಕೆ ಒಂದು ಕೂಡಿಸಿದರೆ ಸೊನ್ನೆಗೂ ಬರುವುದಿಲ್ಲ, ಅಷ್ಟೇ ದೊಡ್ಡ ಮೈನಸ್ಸಿಗೆ ಬೀಳುತ್ತದೆ. 150 ಕೋಟಿಯನೇ ಪುಟ, 160 ಕೋಟಿಯನೇ ಪುಟ ಇವೆರಡರ ನಡುವಿನದನ್ನು ಹೀಗೆ ಕೇಳಿದರೆ ಯಂತ್ರ ಮೈನಸ್ 59 ಕೋಟಿ ಚಿಲ್ಲರೆಯ ಪುಟ ತೆಗೆಯಲು ಹೊರಡುತ್ತದೆ. ಮೈನಸ್ ಪುಟ ಯಾವ ಪುಸ್ತಕದಲ್ಲಿದೆ? ಅಲ್ಲೇ ಕುಸಿಯುತ್ತದೆ.

1980ರ ದಶಕದಲ್ಲಿ ಇದು ಯಾಕೆ ಸಿಕ್ಕಲಿಲ್ಲ ಅಂತೀರಾ? ಆಗಿನ ಯಂತ್ರಗಳಲ್ಲಿ ನೂರು ಕೋಟಿ ಹೆಸರು ಹಿಡಿಸಲು ಜಾಗವೇ ಇರಲಿಲ್ಲ. ಹುಳ ಮಲಗಿತ್ತು. ಲೆಕ್ಕದ ಪುಸ್ತಕ ದಪ್ಪವಾಗುತ್ತಾ ಬಂದಂತೆ ಎದ್ದು ಕೂತಿತು.

ಮದ್ದು ಅಂಗಡಿಯವರ ಲೆಕ್ಕದಷ್ಟೇ ಸರಳ. ಕೂಡಿಸಬೇಡಿ, ಮೊದಲು ಕಳೆಯಿರಿ. 80000ದಲ್ಲಿ 60000 ಹೋದರೆ ಇಪ್ಪತ್ತು ಸಾವಿರ. ಅದರರ್ಧ ಹತ್ತು ಸಾವಿರ. ಅದನ್ನು 60000ಕ್ಕೆ ಸೇರಿಸಿದರೆ 70000. ಮೀಟರು ಎಲ್ಲೂ ಮಗುಚಲಿಲ್ಲ!

ಇಲ್ಲಿ ಮೆಚ್ಚಬೇಕಾದ ಒಂದು ಮಾತಿದೆ. ಬ್ಲಾಕ್ ತಪ್ಪನ್ನು ಮುಚ್ಚಿಟ್ಟುಕೊಂಡು ಕೂರಲಿಲ್ಲ. 2006ರ ಜೂನ್ ತಿಂಗಳಲ್ಲಿ, ಪೇಪರು ಮಾರುವ ಹುಡುಗರು ಕೂಗುವ ಧಾಟಿಯಲ್ಲಿ ತಲೆಬರಹ ಕೊಟ್ಟು, ತನ್ನ ಹುಳುಕನ್ನೂ ತನ್ನ ಗುರುವಿನ ಹುಳುಕನ್ನೂ ಜಗತ್ತಿಗೆಲ್ಲ ಡಂಗುರ ಹೊಡೆದ. ಬೇರೆಯವರೂ ತಮ್ಮ ತಮ್ಮ ಪ್ರೋಗ್ರಾಮು ತೆಗೆದು ನೋಡಿಕೊಳ್ಳಲಿ ಅಂತ.

ಜೀವದ ಪ್ರಶ್ನೆ

ಕ್ಲಾಸಿನಲ್ಲಿ ಇದು ಆಟ. ಹೊರಗೆ ಆಟವಲ್ಲ.

ಕ್ಯಾನ್ಸರ್ ರೋಗಿಗಳಿಗೆ ಕಿರಣ ಕೊಡುವ ‘ಥೆರಾಕ್-25’ ಎಂಬ ಯಂತ್ರ ಅಮೆರಿಕ, ಕೆನಡಾದ ಆಸ್ಪತ್ರೆಗಳಲ್ಲಿತ್ತು. 1985ರಿಂದ 1987ರೊಳಗೆ ಆರು ರೋಗಿಗಳಿಗೆ ಅದು ಮಿತಿಮೀರಿ ಕಿರಣ ಸುರಿಯಿತು. ಅವರಲ್ಲಿ ಕೆಲವರು ಸತ್ತರು. ಯಂತ್ರದಿಂದ ಹಾಗೆ ಆಗಲು ಸಾಧ್ಯವೇ ಇಲ್ಲ ಎಂಬುದು ತಯಾರಕರ ಮೊದಲ ಮಾತಾಗಿತ್ತು. 1986ರಲ್ಲಿ ಟೆಕ್ಸಸ್ಸಿನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಇಬ್ಬರಿಗೆ ಹೀಗಾದಾಗ, ಅಲ್ಲಿನ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುವಾಕೆ ಆ ಮಾತು ಕೇಳಿ ಸುಮ್ಮನಾಗಲಿಲ್ಲ. ಯಂತ್ರದ ಮುಂದೆ ಕೂತು ಅವೇ ಅಕ್ಷರಗಳನ್ನು ಮತ್ತೆ ಮತ್ತೆ ಟೈಪು ಮಾಡಿದರು. ಕೊನೆಗೂ ಹುಳ ಸಿಕ್ಕಿತು. ಕೈ ತಪ್ಪಿ ಒತ್ತಿದ ಅಕ್ಷರವನ್ನು ಎಂಟು ಸೆಕೆಂಡಿನೊಳಗೆ ಸರಸರನೆ ತಿದ್ದಿದರೆ ಯಂತ್ರಕ್ಕೆ ಅದು ಗೊತ್ತೇ ಆಗುತ್ತಿರಲಿಲ್ಲ! ಆ ಇಬ್ಬರು ರೋಗಿಗಳೂ ಉಳಿಯಲಿಲ್ಲ.

1987ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಇನ್ನೊಬ್ಬ ರೋಗಿ. ಈ ಸಲ ಇದ್ದದ್ದು ಬೇರೆ ಹುಳ, ಮೀಟರಿನ ಜಾತಿಯದು. ‘ಎಲ್ಲ ಸರಿಯಿದೆಯೇ ನೋಡು’ ಎಂಬ ಗುರುತಿಗೆ ಒಂದು ಸಂಖ್ಯೆ. ಸೊನ್ನೆ ಇದ್ದರೆ ನೋಡಬೇಕಿಲ್ಲ ಎಂದರ್ಥ. ಆ ಸಂಖ್ಯೆ ಒಂದೊಂದೇ ಏರುತ್ತಿತ್ತು, ಹಿಡಿಸುವುದು 255ರವರೆಗೆ ಮಾತ್ರ. 256ನೇ ಸಲಕ್ಕೆ ಮೀಟರು ಮಗುಚಿ ಸೊನ್ನೆ! ಸರಿಯಾಗಿ ಅದೇ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಯಂತ್ರ ಪರೀಕ್ಷೆ ಮಾಡದೆಯೇ ಮುಂದೆ ಹೋಗುತ್ತಿತ್ತು.

1996ರ ಜೂನ್ 4ರಂದು ಯುರೋಪಿನ ‘ಏರಿಯಾನ್-5’ ರಾಕೆಟ್ಟು ಹಾರಿದ ನಲವತ್ತು ಸೆಕೆಂಡಿನ ಸುಮಾರಿಗೆ ಚೂರುಚೂರಾದದ್ದೂ ಇದೇ ಜಾತಿಯ ತಪ್ಪಿನಿಂದ. ದೊಡ್ಡ ಸಂಖ್ಯೆಯನ್ನು ಸಣ್ಣ ಮನೆಗೆ ತುರುಕಲು ಹೋದದ್ದು. ಅದರಲ್ಲಿ ಮನುಷ್ಯರಿರಲಿಲ್ಲ, ಅದೇ ಪುಣ್ಯ.

ಹಿಡಿದವರಿಗೆ ಚೆಕ್ಕು

ಹೀಗಿರುವಾಗ ಹುಳುಕು ಹುಡುಕುವವನನ್ನು ಏನು ಮಾಡಬೇಕು? ನಮ್ಮಲ್ಲಿ ‘ಅವನಿಗೇನು, ಹುಳುಕು ಹುಡುಕೋದೇ ಕೆಲಸ’ ಅಂದರೆ ಬೈಗುಳ. ಪ್ರೊಫೆಸರ್ ಕನೂತ್ ಮಾಡಿದ್ದು ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಇವರ ದೊಡ್ಡ ಗ್ರಂಥದ ಮೊದಲ ಸಂಪುಟ 1968ರಲ್ಲಿ ಬಂತು. ಅದರಲ್ಲಿ ತಪ್ಪು ತೋರಿಸಿದವರಿಗೆ ತಮ್ಮ ಕೈಯಿಂದಲೇ ಚೆಕ್ಕು ಬರೆದು ಕಳಿಸುತ್ತಾ ಬಂದರು. ಒಂದು ತಪ್ಪಿಗೆ 2 ಡಾಲರ್ 56 ಸೆಂಟು. ಇದೆಂಥ ಚಿಲ್ಲರೆ ಲೆಕ್ಕ? ಹದಿನಾರ್ ಹದಿನಾರ್ಲೆ 256. ಕಂಪ್ಯೂಟರಿನವರು ಹದಿನಾರರ ಲೆಕ್ಕದಲ್ಲಿ ಎಣಿಸುವಾಗ ನಮ್ಮ ನೂರರ ಜಾಗದಲ್ಲಿ ಬರುವುದು ಅದೇ. ಯಾಕಿಮಾದಲ್ಲಿ ಮೀಟರು ಮಗುಚಿದ್ದೂ ಅದೇ 256ಕ್ಕೆ.

ಪುಸ್ತಕದ ಅಕ್ಷರ ಜೋಡಿಸಲು ಕನೂತ್ ಬರೆದ ‘ಟೆಕ್’ ಎಂಬ ಪ್ರೋಗ್ರಾಮಿನಲ್ಲಿ ಹುಳ ಹಿಡಿದರೆ ಬಹುಮಾನ ವರ್ಷಕ್ಕೆ ದುಪ್ಪಟ್ಟಾಗುತ್ತಾ 327 ಡಾಲರ್ 68 ಸೆಂಟಿಗೆ ಹೋಗಿ ನಿಂತಿತು. ಚೆಕ್ಕು ಸಿಕ್ಕ ಬಹಳ ಮಂದಿ ಬ್ಯಾಂಕಿಗೆ ಹೋಗಲಿಲ್ಲ. ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದರು!

2008ರಲ್ಲಿ ಚೆಕ್ಕಿನ ನಂಬರು ನೋಡಿಕೊಂಡು ಕಳ್ಳರು ಖಾತೆಗೇ ಕೈಹಾಕುವ ಕಾಟ ಶುರುವಾದ ಮೇಲೆ ಕನೂತ್ ನಿಜವಾದ ಚೆಕ್ಕು ನಿಲ್ಲಿಸಿದರು. ಬದಲಿಗೆ ಕೊಡುವುದು ‘ಬ್ಯಾಂಕ್ ಆಫ್ ಸಾನ್ ಸೆರಿಫ್’ನ ಸರ್ಟಿಫಿಕೇಟು. ಸಾನ್ ಸೆರಿಫ್ ಅಂದರೆ 1977ರ ಏಪ್ರಿಲ್ ಒಂದರಂದು ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆ ಓದುಗರನ್ನು ಮೂರ್ಖರನ್ನಾಗಿಸಲು ಹುಟ್ಟಿಸಿದ, ಭೂಮಿಯ ಮೇಲೆಲ್ಲೂ ಇಲ್ಲದ ದ್ವೀಪದೇಶ! ಇಲ್ಲದ ದೇಶದ ಬ್ಯಾಂಕಿನ ಕಾಗದಕ್ಕೂ ಜನ ಬಿದ್ದು ಬಿದ್ದು ತಪ್ಪು ಹುಡುಕುತ್ತಾರೆ. ದುಡ್ಡಿಗಲ್ಲ, ಕನೂತ್‌ರಂಥವರ ತಪ್ಪು ಹಿಡಿದೆ ಎಂಬ ಹೆಮ್ಮೆಗೆ. ಕೊಟ್ಟವರು ಸೋತಿಲ್ಲ. ಅವರ ಪುಸ್ತಕ ಅಷ್ಟಕ್ಕಷ್ಟು ಚೊಕ್ಕಟವಾಗುತ್ತಾ ಬಂದಿದೆ.

ತೊಂಬತ್ತು ಮಂದಿ ಫೇಲಾದ ಆ ಕ್ಲಾಸಿನಲ್ಲಿ ಉಳಿದ ಹತ್ತು ಮಂದಿ ಗೆದ್ದೆವೆಂದು ಬೀಗಿರಬಹುದು. ಬೆಂಟ್ಲಿ ಮೇಷ್ಟ್ರು ಪುಸ್ತಕದಲ್ಲಿ ಒಂದು ಮಾತು ಸೇರಿಸಿದ್ದಾರೆ. ಹುಳ ಸಿಗದ ಆ ಉತ್ತರಗಳ ಮೇಲೂ ತನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲವಂತೆ. ಮೇಷ್ಟ್ರ ಅನುಮಾನ ಸರಿಯಾಗೇ ಇತ್ತು. ತನ್ನ ಉತ್ತರದ ಮೇಲೂ ಅಷ್ಟೇ ಅನುಮಾನ ಪಟ್ಟಿದ್ದರೆ ಇಪ್ಪತ್ತು ವರ್ಷ ಮೊದಲೇ ಹುಳ ಸಿಗುತ್ತಿತ್ತೋ ಏನೋ!