ರೋಗದ ಸ್ಯಾಂಪಲ್ ವಿಮಾನದಲ್ಲಿ ಕಳಿಸ್ತೀರಾ? ಕಾರವಾರ, ಅಂಕೋಲಾದ ಯುವ ಕೃಷಿಕರು ಮೊದಲು ಇದನ್ನು ಓದಿ



ಕಾಳಿ ನದಿ ದಂಡೆಯ ಸುಂಕೇರಿ, ಕಡವಾಡ ಕಡೆಯಿಂದ ಹಿಡಿದು ಗಂಗಾವಳಿ ಅಳಿವೆಯ ಗಜನಿಗಳವರೆಗೆ ಸಿಗಡಿ ಬೆಳೆಯುವ ಹುಡುಗರು ನನಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಕೇಳುವ ಪ್ರಶ್ನೆ ಒಂದೇ: "ಇದು ವೈಟ್ ಸ್ಪಾಟ್ ಹೌದಾ, ಅಲ್ವಾ?" ಫೋಟೋ ನೋಡಿ ಅನುಮಾನ ಹೇಳಬಹುದು. ಖಚಿತವಾಗಿ ಹೇಳಲು ಪಿಸಿಆರ್ ಪರೀಕ್ಷೆಯೇ ಆಗಬೇಕು. ಬಿಳಿ ಚುಕ್ಕೆ ರೋಗ ಹೊಕ್ಕರೆ 3ರಿಂದ 10 ದಿನದೊಳಗೆ ಹೊಂಡ ಪೂರ್ತಿ ಖಾಲಿಯಾಗಬಹುದು. ಹಾಗಾಗಿ ಸ್ಯಾಂಪಲ್ ದಾರಿಯಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡರೆ ವರದಿ ಬರುವಷ್ಟರಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ.

"ಥರ್ಮಾಕೋಲ್ ಬಾಕ್ಸಿಗೆ ಐಸ್ ಹಾಕಿ ಗೋವಾದಿಂದ ವಿಮಾನಕ್ಕೆ ಕೊಟ್ಟರಾಯ್ತಲ್ಲ?" ಅಂತ ಕೆಲವರು ಕೇಳ್ತಾರೆ. ಹಾಗೆ ಆಗೋದಿಲ್ಲ. ರೋಗಾಣು ಇರಬಹುದಾದ ಸ್ಯಾಂಪಲ್ ವಿಮಾನದ ಲೆಕ್ಕದಲ್ಲಿ ಅಪಾಯಕಾರಿ ಸರಕು. ಅದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ, ನಮ್ಮ ದೇಶದಲ್ಲಿ ಡಿಜಿಸಿಎ ಅದನ್ನು ನೋಡಿಕೊಳ್ಳುತ್ತದೆ. ನಿಯಮ ತಪ್ಪಿದ ಬಾಕ್ಸ್ ಕೌಂಟರಿನಲ್ಲೇ ನಿಲ್ಲುತ್ತದೆ.

ವಿಮಾನ ಬೇಕೇ ಬೇಕಾ?

ಮೊದಲು ಇದನ್ನು ಯೋಚಿಸಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ರಸ್ತೆಯಲ್ಲೇ ಹೋಗಿ ಸ್ಯಾಂಪಲ್ ಕೈಯಾರೆ ಕೊಟ್ಟು ಬರಬಹುದು. ಚೆನ್ನೈನ ಸಿಬಾ, ಅಂದರೆ ಐಸಿಎಆರ್‌ನ ಚೌಳುನೀರು ಜಲಕೃಷಿ ಸಂಸ್ಥೆಗೆ ಕಳಿಸುವುದಾದರೆ ಮಾತ್ರ ವಿಮಾನದ ಮಾತು ಬರುತ್ತದೆ. ಯಾವ ಲ್ಯಾಬ್ ಆದರೂ ಕಳಿಸುವ ಮೊದಲೇ ಫೋನ್ ಮಾಡಿ, ಯಾವ ದಿನ ಸ್ಯಾಂಪಲ್ ತೆಗೆದುಕೊಳ್ತಾರೆ, ಯಾವ ರೂಪದಲ್ಲಿ ಬೇಕು ಎಂದು ಕೇಳಿಕೊಳ್ಳಿ. ಶನಿವಾರ ತಲುಪುವ ಹಾಗೆ ಕಳಿಸಿದರೆ ಸೋಮವಾರದವರೆಗೆ ಅದು ಗೋದಾಮಿನಲ್ಲೇ ಕೂತಿರಬಹುದು.

ಇನ್ನೊಂದು ವಿಷಯ ಗೊತ್ತಿರಲಿ. ಕಾರವಾರದ ಕೊರಿಯರ್ ಅಂಗಡಿಯಲ್ಲಿ ಕೊಟ್ಟ ಬಾಕ್ಸ್ ಮುಂದೆ ಲಾರಿಯಲ್ಲಿ ಹೋಗುತ್ತದೋ ವಿಮಾನದಲ್ಲೋ ನಿಮಗೆ ಕಾಣೋದಿಲ್ಲ. ಅದಕ್ಕೇ ವಿಮಾನದ ನಿಯಮದಂತೆ ಕಟ್ಟುವುದೇ ಕ್ಷೇಮ.

ಎ ವರ್ಗ, ಬಿ ವರ್ಗ

ಸೋಂಕು ವಸ್ತುಗಳಲ್ಲಿ ಎರಡು ವರ್ಗ. ತಗುಲಿದರೆ ಜೀವಕ್ಕೇ ಅಪಾಯ ಅಥವಾ ಶಾಶ್ವತ ಊನ ತರುವಂಥವು ಎ ವರ್ಗ. ಇದರಲ್ಲಿ ಮನುಷ್ಯರಿಗೆ ತಗುಲುವುದಕ್ಕೆ ಯುಎನ್ 2814, ಪ್ರಾಣಿಗಳಿಗೆ ಮಾತ್ರ ತಗುಲುವುದಕ್ಕೆ ಯುಎನ್ 2900 ಸಂಖ್ಯೆ. ಪರೀಕ್ಷೆಗೆ ಕಳಿಸುವ ಉಳಿದ ಸೋಂಕು ಸ್ಯಾಂಪಲ್‌ಗಳು ಬಿ ವರ್ಗ, ಅದರ ಸಂಖ್ಯೆ ಯುಎನ್ 3373. ಸಿಗಡಿಯ ಬಿಳಿ ಚುಕ್ಕೆ ವೈರಸ್ ಎ ಪಟ್ಟಿಯಲ್ಲಿಲ್ಲ. ಅದನ್ನು ಬಿ ವರ್ಗದ ಪದ್ಧತಿಯಲ್ಲಿ ಕಟ್ಟಿದರೆ ತೊಂದರೆ ಬರುವುದಿಲ್ಲ.

ತರಬೇತಿ ಯಾರಿಗೆ ಬೇಕು?

ಎ ವರ್ಗದ ಬಾಕ್ಸ್ ಕಟ್ಟಿ ಘೋಷಣಾ ಪತ್ರಕ್ಕೆ ಸಹಿ ಹಾಕುವವರು ಅಪಾಯಕಾರಿ ಸರಕಿನ ತರಬೇತಿ ಪಡೆದಿರಲೇಬೇಕು. ಆ ತರಬೇತಿಯನ್ನು 24 ತಿಂಗಳಿಗೊಮ್ಮೆ ಹೊಸದು ಮಾಡಿಕೊಳ್ಳಬೇಕು. ಬಿ ವರ್ಗಕ್ಕೆ ಆ ಘೋಷಣಾ ಪತ್ರ ಬೇಕಿಲ್ಲ. ಆದರೆ ಬಾಕ್ಸ್ ಹೇಗೆ ತುಂಬಬೇಕು, ಹೇಗೆ ಮುಚ್ಚಬೇಕು ಅನ್ನುವ ಸ್ಪಷ್ಟ ಸೂಚನೆ ಕಟ್ಟುವವರ ಕೈಯಲ್ಲಿ ಇರಬೇಕು. ಯುಎನ್ 3373 ಕಿಟ್ ಕೊಂಡರೆ ಸೂಚನೆ ಹಾಳೆ ಅದರ ಜೊತೆಗೇ ಬರಬೇಕು, ಇಲ್ಲದಿದ್ದರೆ ಕೇಳಿ ಪಡೆಯಿರಿ. ಕೆಲವು ಕೊರಿಯರ್‌ನವರು ತರಬೇತಿ ಪಡೆದವರು ಕಟ್ಟಿದ್ದೇ ಬೇಕು ಅನ್ನಬಹುದು. ಅದನ್ನೂ ಮೊದಲೇ ವಿಚಾರಿಸಿ.

ಮೂರು ಪದರದ ಲೆಕ್ಕ

1. ಒಳಗಿನದು: ಸೋರದ ಸ್ಕ್ರೂ ಮುಚ್ಚಳದ ಟ್ಯೂಬ್. ಮುಚ್ಚಳದ ಸುತ್ತ ಟೇಪ್ ಸುತ್ತಿ.

2. ನಡುವಿನದು: ಸೋರದ ಗಟ್ಟಿ ಡಬ್ಬಿ ಅಥವಾ ಚೀಲ. ಟ್ಯೂಬ್‌ಗಳು ಒಂದಕ್ಕೊಂದು ತಾಗದ ಹಾಗೆ ಒಂದೊಂದನ್ನೂ ಬೇರೆಯಾಗಿ ಸುತ್ತಿಡಿ. ಟ್ಯೂಬ್ ಒಡೆದರೂ ಒಳಗಿನ ದ್ರವ ಪೂರ್ತಿ ಹೀರುವಷ್ಟು ಹತ್ತಿ ಹಾಕಿ.

3. ಹೊರಗಿನದು: ಗಟ್ಟಿ ಬಾಕ್ಸ್. ಅದರ ಒಂದು ಮುಖವಾದರೂ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಇರಬೇಕು. ಬರೀ ಥರ್ಮಾಕೋಲ್ ಬಾಕ್ಸ್ ಸಾಲದು.

ಆಕಾಶದಲ್ಲಿ ಒತ್ತಡ ಬದಲಾಗುತ್ತದೆ, ನೆಲದಲ್ಲಿ ಸೋರದ ಮುಚ್ಚಳ ಮೇಲೆ ಸೋರಬಹುದು. ಅದಕ್ಕೇ ದ್ರವ ಇದ್ದರೆ ಒಳಗಿನ ಅಥವಾ ನಡುವಿನ ಪದರ 95 ಕಿಲೋಪಾಸ್ಕಲ್ ಒತ್ತಡ ತಡೆಯಬೇಕು. ಕಿಟ್ ಮೇಲೆ ಈ ಸಂಖ್ಯೆ ಇದೆಯಾ ನೋಡಿಯೇ ಕೊಳ್ಳಿ. ದ್ರವವಾದರೆ ಒಂದು ಟ್ಯೂಬಿಗೆ 1 ಲೀಟರ್, ಇಡೀ ಬಾಕ್ಸಿಗೆ 4 ಲೀಟರ್ ಮೇಲ್ಮಿತಿ. ನಿಮಗೆ ಅಷ್ಟೆಲ್ಲ ಬೇಕಾಗೋದೇ ಇಲ್ಲ.

ನಡುವಿನ ಡಬ್ಬಿಗೂ ಹೊರಗಿನ ಬಾಕ್ಸಿಗೂ ಮಧ್ಯೆ ಒಳಗೇನಿದೆ ಎಂಬ ಪಟ್ಟಿ ಇಡಿ. ಹೊರಗೆ ವಜ್ರಾಕಾರದ ಯುಎನ್ 3373 ಗುರುತು ಹಚ್ಚಿ, ಪಕ್ಕದಲ್ಲಿ 'ಬಯಲಾಜಿಕಲ್ ಸಬ್‌ಸ್ಟನ್ಸ್, ಕೆಟಗರಿ ಬಿ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಕಳಿಸುವವರ ಮತ್ತು ಪಡೆಯುವವರ ವಿಳಾಸ, ಜವಾಬ್ದಾರಿ ಇರುವವರ ಹೆಸರು ಮತ್ತು ಫೋನ್ ನಂಬರ್ ಇರಲಿ. ಆ ಫೋನ್ ಆನ್ ಇರಲಿ.

ಸ್ಪಿರಿಟ್, ಐಸ್, ಡ್ರೈ ಐಸ್

ಪಿಸಿಆರ್‌ಗೆ ಸಾಯುವ ಹಂತದಲ್ಲಿರುವ ಸಿಗಡಿ ಆರಿಸಿ, ಸತ್ತು ಬಹಳ ಹೊತ್ತಾದದ್ದು ಬೇಡ. ಕಿವಿರು, ಈಜುಗಾಲು ಸಾಕು. ಕಣ್ಣು ಸೇರಿಸಬೇಡಿ, ಅದು ಪರೀಕ್ಷೆಗೆ ಅಡ್ಡ ಬರುತ್ತದೆ. ಚೂರುಗಳನ್ನು 95% ಎಥನಾಲ್‌ನಲ್ಲಿ ಮುಳುಗಿಸಿಟ್ಟರೆ ಐಸ್ ಇಲ್ಲದೆಯೂ ತಲುಪುತ್ತದೆ. ಆದರೆ ಎಥನಾಲ್ ಬೆಂಕಿ ಹಿಡಿಯುವ ದ್ರವ, ಅದೂ ಅಪಾಯಕಾರಿ ಸರಕೇ. ಒಂದು ಟ್ಯೂಬಿನಲ್ಲಿ 30 ಮಿ.ಲೀ. ಮೀರಬಾರದು. 2 ಮಿ.ಲೀ. ಟ್ಯೂಬ್ ಧಾರಾಳವಾಯಿತು.

ನೀರಿನ ಐಸ್ ಹಾಕುವುದಾದರೆ ನಡುವಿನ ಡಬ್ಬಿಯ ಹೊರಗೆ ಹಾಕಿ, ಕರಗಿದ ನೀರು ಬಾಕ್ಸಿನಿಂದ ಸೋರಬಾರದು. ಡ್ರೈ ಐಸ್ ಆದರೆ ಉಲ್ಟಾ: ಅನಿಲ ಹೊರಗೆ ಹೋಗಲು ದಾರಿ ಇರಲೇಬೇಕು. ಗಾಳಿಯಾಡದಂತೆ ಸೀಲ್ ಮಾಡಿದರೆ ಬಾಕ್ಸ್ ಸಿಡಿಯಬಹುದು. ಹೊರಗೆ ಯುಎನ್ 1845 ಗುರುತು ಮತ್ತು ಡ್ರೈ ಐಸ್ ಎಷ್ಟು ಕಿಲೋ ಎಂದು ಬರೆದಿರಬೇಕು.

ಕೌಂಟರಿನಲ್ಲಿ ಸುಳ್ಳು ಬೇಡ

"ಒಳಗೇನಿದೆ?" ಅಂದಾಗ "ಔಷಧಿ", "ಮೀನು" ಅಂತ ಹೇಳಿ ದಾಟಿಸುವವರಿದ್ದಾರೆ. ಅಪಾಯಕಾರಿ ಸರಕು ಮುಚ್ಚಿಟ್ಟು ಕಳಿಸುವುದು ಅಪರಾಧ. ಊರಿಗೆ ಹೋಗುವ ಗೆಳೆಯನ ಬ್ಯಾಗಿನಲ್ಲೂ ಹಾಕಿ ಕಳಿಸಬೇಡಿ. ಸೋಂಕು ಸ್ಯಾಂಪಲ್ಲನ್ನು ಪ್ರಯಾಣಿಕರು ಕೈಚೀಲದಲ್ಲಿ ಆಗಲಿ, ಲಗೇಜಿನಲ್ಲಿ ಆಗಲಿ ಒಯ್ಯುವಂತಿಲ್ಲ. ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವನು ಏನೂ ಅರಿಯದ ಆ ಗೆಳೆಯ.

ಇವನ್ನು ಮುಟ್ಟಲೇಬೇಡಿ

ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಹೊನ್ನಾವರ, ಸಿದ್ದಾಪುರದಲ್ಲೂ ಕಾಣಿಸಿಕೊಂಡಿದೆ. ಅದರ ವೈರಸ್ ಎ ವರ್ಗದ ಪಟ್ಟಿಯಲ್ಲಿ ಹೆಸರು ಹೇಳಿಯೇ ಇದೆ. ಅರಣ್ಯ ಇಲಾಖೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸುದ್ದಿ ಕೊಡಿ, ಅಷ್ಟೇ ನಿಮ್ಮ ಕೆಲಸ.

ಕೋಳಿಗಳು ಒಮ್ಮೆಲೇ ಸತ್ತರೆ ಅಥವಾ ದನ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಬಂದರೆ ಕೊಯ್ದು ನೋಡಬೇಡಿ. ಎರಡನೆಯದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಕೊಯ್ದರೆ ಅದರ ಬೀಜಕಣ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ. ಪಶುವೈದ್ಯರಿಗೆ ತಿಳಿಸಿ, ಅಥವಾ 1962ಕ್ಕೆ ಕರೆ ಮಾಡಿ. ಹಕ್ಕಿಜ್ವರದ ಸ್ಯಾಂಪಲ್ ಭೋಪಾಲದ ಹೈ ಸೆಕ್ಯುರಿಟಿ ಲ್ಯಾಬಿಗೆ ಹೋಗಬೇಕು, ಇಲಾಖೆಯವರೇ ಕಳಿಸುತ್ತಾರೆ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಪ್ರಕಾರ ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ತಿಳಿಸುವುದು ಸಾಕಿದವರ ಕರ್ತವ್ಯ.

ಈಗಲೇ ಮಾಡಿಡಬಹುದಾದ ಕೆಲಸ ಮೂರು. ಲ್ಯಾಬ್, ಮೀನುಗಾರಿಕೆ ಇಲಾಖೆ ಮತ್ತು ಪಶುವೈದ್ಯರ ನಂಬರ್ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಅಕ್ಕಪಕ್ಕದ ನಾಲ್ಕು ಹೊಂಡದವರು ಸೇರಿ ಒಂದೆರಡು ಯುಎನ್ 3373 ಕಿಟ್, ಟ್ಯೂಬ್, ಎಥನಾಲ್ ತಂದಿಡಿ. ಸ್ಯಾಂಪಲ್ ತೆಗೆದ ದಿನ, ಹೊಂಡದ ಗುರುತು, ಕಂಡ ಲಕ್ಷಣ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ರೋಗ ಬಂದ ದಿನ ಕಿಟ್ ಹುಡುಕುತ್ತಾ ಹುಬ್ಬಳ್ಳಿಗೆ ಓಡಿದರೆ ಆ ದಿನವೂ ಹೋಯಿತು, ಹೊಂಡವೂ ಹೋಯಿತು.