ಬೀಗದ ಕೈ ಬೇಡ, ಗಡಿಯಾರ ನೋಡಿ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಬೆಳಗಿನ ಹೊತ್ತು ಹೆಜ್ಜೆ ಇಡಲು ಜಾಗ ಸಿಗುವುದಿಲ್ಲ. ಗೂಡು ತಂದ ರೈತರು, ಕೊಳ್ಳಲು ಬಂದ ರೀಲರುಗಳು, ಚೀಲ ಹೊರುವವರು, ಟೀ ಮಾರುವವರು. ಅಂಥದೊಂದು ಬೆಳಿಗ್ಗೆ ಟೀ ಅಂಗಡಿಯ ಮುಂದೆ ನಿಂತಿದ್ದ ಮೂವತ್ತರ ಆಸುಪಾಸಿನ ರೈತರೊಬ್ಬರು ಒಮ್ಮೆ ವಿಚಿತ್ರವಾಗಿ ಕೂಗಿ ನೆಲಕ್ಕೆ ಬಿದ್ದರು. ಕೈಲಿದ್ದ ಲೋಟ ಉರುಳಿಹೋಯಿತು. ಮೈ ಕೊರಡಿನಂತೆ ಸೆಟೆಯಿತು, ತುಟಿ ನೀಲಿಗಟ್ಟಿತು, ಆಮೇಲೆ ಕೈಕಾಲು ಒಂದೇ ಸಮನೆ ಅದುರತೊಡಗಿದವು.

ನೋಡುನೋಡುತ್ತಲೇ ಸುತ್ತ ಐವತ್ತು ಜನ ಸೇರಿದರು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಸಲಹೆಗಳು ಬಂದವು. "ಫಿಟ್ಸ್ ಕಣ್ರೀ, ಕೈಗೆ ಕಬ್ಬಿಣ ಕೊಡಿ" ಎಂದರೊಬ್ಬರು. "ನೀಳ್ಳು ತೇರಾ", ನೀರು ತಾರೋ, ಎಂದು ಇನ್ನೊಬ್ಬರು ಕೂಗಿದರು. ಒಬ್ಬ ಹುಡುಗ ಸ್ಕೂಟರಿನ ಬೀಗದ ಕೈ ತೆಗೆದ, ಮತ್ತೊಬ್ಬರು ಮೂಸಿಸಲು ಚಪ್ಪಲಿ ಬಿಚ್ಚಿದರು, ಇಬ್ಬರು ಕಾಲುಗಳನ್ನು ಒತ್ತಿ ಹಿಡಿದರು. ನಾನು ನೋಡುತ್ತಾ ನಿಂತಿದ್ದೆ.

ಆಗ ಗುಂಪನ್ನು ಸರಿಸಿಕೊಂಡು ಬಂದವರು ಐವತ್ತು ದಾಟಿದ ಒಬ್ಬ ರೀಲರು. "ಯಾರೂ ಹಿಡೀಬೇಡಿ, ಬಿಟ್ಬಿಡಿ. ಏ ತಮ್ಮಾ, ಆ ಬೀಗದ ಕೈ ಜೇಬಲ್ಲಿಡು" ಎಂದರು. ಹೆಗಲ ಮೇಲಿನ ಟವೆಲ್ ಮಡಚಿ ಬಿದ್ದವರ ತಲೆಯ ಕೆಳಗಿಟ್ಟರು, ಪಕ್ಕದಲ್ಲಿದ್ದ ಕಲ್ಲನ್ನು ದೂರ ತಳ್ಳಿದರು. ಮೊಬೈಲಿನಲ್ಲಿ ಹೊತ್ತು ನೋಡಿಕೊಂಡರು. ತಲೆ ಎತ್ತಿ ನನ್ನ ಕಡೆ ಬೆರಳು ಮಾಡಿ, "ಸಾರ್, ಕನ್ನಡಕ ಹಾಕಿದೀರಲ್ಲ, ನೀವು 108ಕ್ಕೆ ಫೋನ್ ಮಾಡಿ" ಎಂದರು. ನಾನು ಮಾಡಿದೆ. ಅದುರುವುದು ನಿಧಾನವಾಗಿ ನಿಂತಿತು. ಅವರನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಂದ ಜೊಲ್ಲು ಹೊರಗೆ ಹರಿಯಲು ಬಿಟ್ಟು, ಆ ಹಿರಿಯರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಅವರ ಮಗಳಿಗೂ ಈ ಕಾಯಿಲೆ ಇದೆಯಂತೆ. ಹೀಗೆ ಮಾಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರಂತೆ.

ಆ ಕೆಲವು ನಿಮಿಷಗಳಲ್ಲಿ ನಮ್ಮ ಕಣ್ಣೆದುರು ನಡೆದದ್ದೇನು? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಸಂತೆಯನ್ನು ನೆನೆಸಿಕೊಳ್ಳಿ. ಒಬ್ಬರು ಬೆಲೆ ಕೇಳುತ್ತಾರೆ, ಇನ್ನೊಬ್ಬರು ಚೌಕಾಸಿ ಮಾಡುತ್ತಾರೆ, ಮತ್ತೊಬ್ಬರು ಲೆಕ್ಕ ಹಾಕುತ್ತಾರೆ. ಹೊರಗಿನವರಿಗೆ ಅದು ಬರೀ ಗದ್ದಲ, ಆದರೆ ವ್ಯಾಪಾರ ನಡೆಯುವುದೇ ಆ ಗದ್ದಲದಲ್ಲಿ. ಅಲ್ಲಿದ್ದವರೆಲ್ಲ ಥಟ್ಟನೆ ಒಂದೇ ಪದವನ್ನು ಒಂದೇ ತಾಳದಲ್ಲಿ ಕೂಗತೊಡಗಿದರೆ ವ್ಯಾಪಾರ ನಿಂತುಹೋಗುತ್ತದೆ. ಮೂರ್ಛೆ ಎಂದರೆ ಇದೇ: ಲೆಕ್ಕವಿಲ್ಲದಷ್ಟು ನರಕೋಶಗಳು ಏಕಕಾಲಕ್ಕೆ ಮಿಡಿಯುವುದು. ಆಜ್ಞೆ ಸ್ನಾಯುಗಳಿಗೆಲ್ಲ ಒಟ್ಟಿಗೆ ಹೋದಾಗ ಮೈ ಸೆಟೆಯುತ್ತದೆ. ಎದೆಯ ಸ್ನಾಯುಗಳು ಬಿಗಿದು, ಒಳಗಿದ್ದ ಗಾಳಿ ಮುಚ್ಚಿಕೊಂಡ ಧ್ವನಿತಂತುಗಳ ನಡುವಿನಿಂದ ನುಗ್ಗುತ್ತದೆ. ಬೀಳುವ ಮೊದಲಿನ ಆ ಕೂಗು ನೋವಿನದಲ್ಲ, ಭಯದ್ದಲ್ಲ, ಗಾಳಿಯದು. ಸೆಟೆದಿರುವಷ್ಟು ಹೊತ್ತು ಉಸಿರಾಟ ಸರಿಯಾಗಿ ನಡೆಯದ್ದರಿಂದ ತುಟಿ ನೀಲಿಯಾಗುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ಕಾಗದದ ಮೇಲೆ ಮೂಡಿಸಿದರು. ಅವರ ಇಇಜಿ ಯಂತ್ರ ಇಂದು ಈ ಏಕತಾಳವನ್ನು ಗೆರೆಗಳಲ್ಲಿ ತೋರಿಸುತ್ತದೆ.

ಹಾಗಾದರೆ ಕಬ್ಬಿಣ? ನಮ್ಮ ಕಡೆ ಹುಟ್ಟಿ ಬೆಳೆದವರೆಲ್ಲ ಇದನ್ನು ಕಂಡವರೇ. ಕೈಗೆ ಬೀಗದ ಕೈಯನ್ನೋ ಕುಡುಗೋಲನ್ನೋ ಕೊಟ್ಟರು, ಮೂರ್ಛೆ ನಿಂತಿತು. ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನುವುದು ಹೇಗೆ? ಕಂಡದ್ದು ಸುಳ್ಳಲ್ಲ, ಅದಕ್ಕೆ ಹಚ್ಚಿದ ಕಾರಣ ತಪ್ಪು. ಇಂಥ ಮೂರ್ಛೆ ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೊತ್ತಿದ ಬೆಂಕಿಯನ್ನು ಆರಿಸುವ ಏರ್ಪಾಡು ಮಿದುಳಿನಲ್ಲೇ ಇದೆ. ಜನ ಸೇರಿ, ಗಾಬರಿಯಾಗಿ, ಯಾರಿಗೋ ಕಬ್ಬಿಣ ನೆನಪಾಗಿ, ಹುಡುಕಿ ತಂದು, ಬಿಗಿದ ಮುಷ್ಟಿ ಬಿಡಿಸಿ ತುರುಕುವ ಹೊತ್ತಿಗೆ ಒಂದೂವರೆ ನಿಮಿಷವಾದರೂ ಕಳೆದಿರುತ್ತದೆ. ನಿಲ್ಲಬೇಕಾದದ್ದು ನಿಲ್ಲುತ್ತದೆ, ಕೀರ್ತಿ ಬೀಗದ ಕೈಗೆ ಹೋಗುತ್ತದೆ. ಕಬ್ಬಿಣದ ಬದಲು ಬದನೆಕಾಯಿ ಕೊಟ್ಟಿದ್ದರೂ ಅಷ್ಟೇ ಹೊತ್ತಿಗೆ ನಿಲ್ಲುತ್ತಿತ್ತು. ಕಬ್ಬಿಣ ಕೊಟ್ಟರೂ ನಿಲ್ಲದ ಸಂದರ್ಭಗಳನ್ನು ಯಾರೂ ಮತ್ತೆ ಮತ್ತೆ ಹೇಳಿಕೊಳ್ಳುವುದಿಲ್ಲವಾದ್ದರಿಂದ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಕಬ್ಬಿಣ ಕೊಡಲು ಓಡಿದ ಹುಡುಗನ ಮನಸ್ಸು ಒಳ್ಳೆಯದೇ. ಆದರೆ ಮುಷ್ಟಿ ಬಿಗಿದ ಕೈಯಲ್ಲಿ ಚೂಪು ಲೋಹವಿದ್ದರೆ ಗಾಯವಾಗುತ್ತದೆ. ಅದುರುವ ಕೈಕಾಲನ್ನು ಒತ್ತಿ ಹಿಡಿದರೆ ಭುಜದ ಕೀಲು ತಪ್ಪಬಹುದು. ನಾಲಿಗೆ ನುಂಗಿಬಿಡುತ್ತಾರೆಂದು ಹಲ್ಲಿನ ನಡುವೆ ಚಮಚ ತೂರಿಸಿದರೆ ಮುರಿಯುವುದು ಹಲ್ಲು. ನಾಲಿಗೆಯನ್ನು ನುಂಗಲು ಯಾರಿಂದಲೂ ಆಗುವುದಿಲ್ಲ. ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ಇದು ಎಲ್ಲಕ್ಕಿಂತ ಅಪಾಯ.

ಆ ಹಿರಿಯರು ಮಾಡಿದ ಕೆಲಸಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಮೊಬೈಲಿನಲ್ಲಿ ಹೊತ್ತು ನೋಡಿಕೊಂಡದ್ದು. ಸುಮಾರು ಹದಿನೈದು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಅದರಲ್ಲಿದ್ದ ತುರ್ತು ಚಿಕಿತ್ಸಾ ತಂತ್ರಜ್ಞರು, ಎಲ್ಲರೂ ಇಎಂಟಿ ಎನ್ನುತ್ತಾರಲ್ಲ, ಅವರು ಇಳಿದ ಕೂಡಲೇ ಕೇಳಿದ್ದು "ಎಷ್ಟು ಹೊತ್ತು ಬಂದಿತ್ತು ಅಣ್ಣ?" ಎಂದು. "ಎರಡು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡು" ಎಂದು ಉತ್ತರ ಬಂತು. ಗುಂಪಿನಲ್ಲಿದ್ದ ಬೇರೆಯವರು "ಹತ್ತು ನಿಮಿಷ", "ಕಾಲು ಗಂಟೆ" ಎಂದು ಆಣೆ ಮಾಡಿ ಹೇಳುತ್ತಿದ್ದರು. ಭಯದಲ್ಲಿ ಎಲ್ಲರಿಗೂ ಹೊತ್ತು ಉದ್ದವಾಗುತ್ತದೆ.

ಈ ಲೆಕ್ಕ ಇಷ್ಟು ಮುಖ್ಯವೇಕೆ? ಐದು ನಿಮಿಷ ದಾಟಿದ ಮೂರ್ಛೆ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ನರಕೋಶಗಳನ್ನು ಶಾಂತಗೊಳಿಸುವ ರಾಸಾಯನಿಕ ಗಾಬಾ. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳು ಕೋಶದ ಮೇಲ್ಮೈಯಲ್ಲಿರುತ್ತವೆ. ಮೂರ್ಛೆ ಮುಂದುವರಿದಷ್ಟೂ ಆ ಬಾಗಿಲುಗಳು ಒಂದೊಂದಾಗಿ ಕೋಶದ ಒಳಕ್ಕೆ ಸರಿದುಬಿಡುತ್ತವೆ. ಮಿಡಜೋಲಾಮ್‌ನಂಥ ಔಷಧಿಗಳು ಕೆಲಸ ಮಾಡುವುದೂ ಅವೇ ಬಾಗಿಲುಗಳಲ್ಲಿ. ತಡವಾದಷ್ಟೂ ಅದೇ ಔಷಧಿ ಅದೇ ಪ್ರಮಾಣದಲ್ಲಿ ಸೋಲುತ್ತಾ ಹೋಗುತ್ತದೆ. ಐದು ನಿಮಿಷವೆಂಬ ಗೆರೆಯನ್ನು ವೈದ್ಯರು ಎಳೆದಿರುವುದು ಇದಕ್ಕಾಗಿ.

ಇಎಂಟಿ ಆ ರೈತರ ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಮ್ಲಜನಕ ನೋಡಿದರು, ನಾಡಿ, ಬಿಪಿ ನೋಡಿದರು, ಬೆರಳ ತುದಿ ಚುಚ್ಚಿ ಸಕ್ಕರೆ ಅಳೆದರು. ಸಕ್ಕರೆ ತೀರಾ ಇಳಿದರೂ ಮೂರ್ಛೆ ಬರುತ್ತದೆ, ಅದಕ್ಕೆ ಬೇಕಾದದ್ದು ಗ್ಲೂಕೋಸ್. ಆಮೇಲೆ ಪ್ರಶ್ನೆಗಳು: ಮೊದಲು ಯಾವ ಕೈ ಅದುರಿತು? ತಲೆಗೆ ಏಟು ಬಿತ್ತೇ? ಮೊದಲೂ ಬಂದಿತ್ತೇ? ಮಾತ್ರೆ ತಗೋತಿದ್ದರೇ? ಒಂದೇ ಬದಿಯಿಂದ ಶುರುವಾದರೆ ಮಿದುಳಿನ ಎದುರು ಬದಿಯಲ್ಲಿ ಒಂದು ನಿರ್ದಿಷ್ಟ ತೊಂದರೆಯ ಜಾಗ ಇರಬಹುದೆಂಬ ಸುಳಿವು ಸಿಗುತ್ತದೆ. ವೈದ್ಯರಿಗೆ ಮೂರ್ಛೆಯನ್ನು ಕಣ್ಣಾರೆ ಕಾಣುವ ಅವಕಾಶ ಸಿಗುವುದೇ ಅಪರೂಪ. ಅವರ ಕಣ್ಣು ನಾವೇ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 'ಆರೋಗ್ಯ ಕವಚ 108' ಶುರುವಾಗುವ ಮುಂಚೆ ಇಂಥವರನ್ನು ಆಟೋದಲ್ಲೋ ಟೆಂಪೋದಲ್ಲೋ ಮಡಚಿ ಮಲಗಿಸಿ ಒಯ್ಯುತ್ತಿದ್ದುದನ್ನು ಕಂಡವರಿಗೆ ಈ ಶಾಂತ ವಿಚಾರಣೆಯ ಬೆಲೆ ಗೊತ್ತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹೃದಯ ಥಟ್ಟನೆ ನಿಂತಾಗಲೂ ಮಿದುಳಿಗೆ ರಕ್ತ ಸಾಲದೆ ಕೈಕಾಲು ಕೆಲವು ಕ್ಷಣ ಅದುರಬಹುದು. ನೋಡುವವರು ಫಿಟ್ಸ್ ಎಂದುಕೊಂಡು ಸುಮ್ಮನೆ ಕಾಯುತ್ತಾರೆ. ಅದುರುವುದು ನಿಂತ ಕೂಡಲೇ ಎದೆ ಏರಿಳಿಯುತ್ತಿದೆಯೇ ನೋಡಿ. ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಬರುತ್ತಿದ್ದರೆ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು, ಆಂಬುಲೆನ್ಸ್ ಬರುವವರೆಗೂ.

ಆ ಹಿರಿಯರು ಬೆರಳು ಮಾಡಿ ಹೇಳುವವರೆಗೂ, ಐವತ್ತು ಜನರಿದ್ದರೂ 108ಕ್ಕೆ ಯಾರೂ ಫೋನ್ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಬೇರೆ ಯಾರೋ ಮಾಡಿರುತ್ತಾರೆ ಎಂದುಕೊಂಡಿದ್ದೆ. ಇದನ್ನು ಕಲ್ಲುಮನಸ್ಸು ಎಂದು ಬೈಯುವುದು ಸುಲಭ. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು, ಅದೂ ಮೂರ್ಛೆಯನ್ನೇ ಇಟ್ಟುಕೊಂಡು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಮೈಕಿನಲ್ಲಿ ಮಾತಾಡಿಸಿದರು. ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ದನಿ ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇ. 85ರಷ್ಟು ಮಂದಿ, ಅವನ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಏಳದವರೂ ತಣ್ಣಗೆ ಕೂತಿರಲಿಲ್ಲ, ಬೆವರುತ್ತಿದ್ದರು, ಕೈ ನಡುಗುತ್ತಿತ್ತು. ಹೊಣೆ ಹಂಚಿಹೋದಷ್ಟೂ ಒಬ್ಬೊಬ್ಬರ ಪಾಲಿಗೆ ಬರುವುದು ಕಡಿಮೆ. "ಯಾರಾದ್ರೂ ಫೋನ್ ಮಾಡ್ರಪ್ಪ" ಎಂದರೆ ಯಾರೂ ಮಾಡದಿರುವುದು ಇದರಿಂದಲೇ. "ಕನ್ನಡಕ ಹಾಕಿದೀರಲ್ಲ, ನೀವು" ಎಂದದ್ದು ಇಡೀ ಹೊಣೆಯನ್ನು ನನ್ನ ಕೈಗೆ ತಂದಿಟ್ಟಿತು. ಪೊಲೀಸು, ಕೋರ್ಟು ಎಂಬ ಅಂಜಿಕೆಯೂ ಜನರಲ್ಲಿದೆ. ಆದರೆ ನೆರವಾದವರಿಗೆ ರಕ್ಷಣೆ ಕೊಡಲೆಂದೇ ಕರ್ನಾಟಕ 2016ರಲ್ಲಿ ಕಾಯ್ದೆ ರೂಪಿಸಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಈ ಕಾಯಿಲೆಯ ವಿಜ್ಞಾನಕ್ಕೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೊಡುಗೆಯೂ ಇದೆ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಗೌರಿಬಿದನೂರು ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನರರೋಗಗಳ ಲೆಕ್ಕ ಹಿಡಿದರು. ವಿಚಾರಿಸಿದ್ದು 57 ಸಾವಿರಕ್ಕೂ ಹೆಚ್ಚು ಜನರನ್ನು. ಸಾವಿರಕ್ಕೆ ನಾಲ್ಕೈದು ಮಂದಿಗೆ ಮೂರ್ಛೆರೋಗವಿತ್ತು. ಗೌರಿಬಿದನೂರಿನಲ್ಲಿ ನಿಮ್ಹಾನ್ಸ್ ವೈದ್ಯರು ತಿಂಗಳಿಗೊಮ್ಮೆ ಬಂದು ನೋಡುವ ಶಿಬಿರವೂ ನಡೆಯಿತು. ಮುಂದೆ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ಈ ಪ್ರಮಾಣ ಸಾವಿರಕ್ಕೆ 8.8 ಎಂದು ಕಂಡಿತು, ಹಳ್ಳಿಗಳಲ್ಲಿ ಪಟ್ಟಣದ ಎರಡರಷ್ಟು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ, ಫೀನೊಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಯ ಬಹಳಷ್ಟು ರೋಗಿಗಳ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು.

ಕರ್ನಾಟಕದ ವೈದ್ಯರು ಜಗತ್ತಿಗೆ ವಿವರವಾಗಿ ಪರಿಚಯಿಸಿದ ಇನ್ನೊಂದು ಬಗೆಯಿದೆ, ಬಿಸಿನೀರಿನ ಮೂರ್ಛೆ. ಹಂಡೆಯ ಸುಡುನೀರನ್ನು ಚೊಂಬಿನಿಂದ ತಲೆಯ ಮೇಲೆ ಒಂದೇ ಸಮನೆ ಸುರಿದುಕೊಳ್ಳುವಾಗ ಕೆಲವರಿಗೆ, ಹೆಚ್ಚಾಗಿ ಗಂಡು ಮಕ್ಕಳಿಗೆ, ಇದು ಬರುತ್ತದೆ. ಹಬ್ಬದ ಎಣ್ಣೆಸ್ನಾನದ ದಿನ ಮಗು ಬಚ್ಚಲಲ್ಲಿ ಬಿದ್ದರೆ ದೆವ್ವ, ದೃಷ್ಟಿ ಎನ್ನದೆ ನರರೋಗ ತಜ್ಞರಿಗೆ ತೋರಿಸಬೇಕು. ನೀರಿನ ಬಿಸಿ ತಗ್ಗಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ಮಾರುಕಟ್ಟೆಯ ಮುಂದೆ ಬಿದ್ದಿದ್ದ ರೈತರಿಗೆ ನಿಧಾನವಾಗಿ ಎಚ್ಚರ ಬಂತು. ಮೊದಲು ಕೇಳಿದ್ದು "ನನ್ನ ಗೂಡು?" ಎಂದು. ಆಮೇಲೆ ಒದ್ದೆಯಾದ ಪಂಚೆ ನೋಡಿಕೊಂಡು ಮುಖ ಬಗ್ಗಿಸಿದರು. ಹಿರಿಯರು ತಲೆಯ ಕೆಳಗಿದ್ದ ಟವೆಲ್ಲನ್ನೇ ತೆಗೆದು ಅವರ ಸೊಂಟಕ್ಕೆ ಹೊದಿಸಿ, "ಎಲ್ಲಾ ದೂರ ಹೋಗ್ರಪ್ಪ" ಎಂದು ಗದರಿದರು. ಆ ನಾಚಿಕೆಯ ಹಿಂದೆ ದೊಡ್ಡ ಇತಿಹಾಸವಿದೆ. ಹೆಣ್ಣು ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ ಎಂದು ಮನೆಯವರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲೇ ಮೂರ್ಛೆರೋಗ ಮದುವೆಗೆ ಅಡ್ಡಿಯ ಪಟ್ಟಿಯಲ್ಲಿತ್ತು, ಅದನ್ನು ತೆಗೆದುಹಾಕಿದ್ದು 1999ರಲ್ಲಿ. ಕಾನೂನು ಕೈಬಿಟ್ಟದ್ದನ್ನು ಊರು ಇನ್ನೂ ಹಿಡಿದುಕೊಂಡಿರುವುದು ಅನ್ಯಾಯ.

ಇಎಂಟಿ ಮೆಲ್ಲಗೆ ವಿಚಾರಿಸಿದಾಗ ತಿಳಿಯಿತು, ಅವರಿಗೆ ಮೂರು ವರ್ಷದಿಂದ ಮೂರ್ಛೆ ಬಂದಿರಲಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಿದ್ದು, ಹಣ್ಣಾದ ಹುಳು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟದ್ದು, ಹಿಂದಿನ ರಾತ್ರಿಯೆಲ್ಲ ಕೂತು ಗೂಡು ಬಿಡಿಸಿದ್ದು. ಇದರಿಂದ ನಿದ್ದೆ ಕೆಟ್ಟಿತು, ಆ ಗಡಿಬಿಡಿಯಲ್ಲಿ ಮಾತ್ರೆ ಮುಗಿದದ್ದೂ ಗಮನಕ್ಕೆ ಬರಲಿಲ್ಲ. ನಿದ್ದೆಗೇಡು ಮತ್ತು ತಪ್ಪಿದ ಮಾತ್ರೆ, ಹತೋಟಿಯಲ್ಲಿದ್ದ ಮೂರ್ಛೆಯನ್ನು ಮರಳಿ ಕರೆತರುವ ಎರಡು ದೊಡ್ಡ ಕಾರಣಗಳು.

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಸುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ, ಹುಳು ಮನೆಗೆ ಬರುವ ದಿನವೇ ಇಡೀ ಬೆಳೆಗೆ ಸಾಕಾಗುವಷ್ಟು ಮಾತ್ರೆ ತಂದಿಟ್ಟುಕೊಳ್ಳಿ. ರಾತ್ರಿಯ ಸೊಪ್ಪು ಹಾಕುವ ಕೆಲಸವನ್ನು ಅವರಿಗೆ ಹಚ್ಚಬೇಡಿ, ಮನೆಯ ಬೇರೆಯವರು ಹಂಚಿಕೊಳ್ಳಿ.