ಕೈಗೆ ಕೆಲಸ, ಯಾರ ಹಿತಕ್ಕೆ?

ಪಾರ್ಶ್ವವಾಯು ಬಡಿದವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು, ಸ್ನಾನ ಮಾಡಲು, ಅಡುಗೆಮನೆಯಲ್ಲಿ ಓಡಾಡಲು ಮತ್ತೆ ಕಲಿಸುವ ವೃತ್ತಿ ಆಕ್ಯುಪೇಷನಲ್ ಥೆರಪಿ. ಮಾತ್ರೆ, ಚುಚ್ಚುಮದ್ದು ಇದರ ಸಾಧನಗಳಲ್ಲ. ದಿನನಿತ್ಯದ ಕೆಲಸವೇ ಇಲ್ಲಿ ಔಷಧ. ಹಾಗಾಗಿ ಈ ವೃತ್ತಿಯ ನೀತಿಪ್ರಶ್ನೆಗಳು ಏಳುವುದು ಹೆಚ್ಚಾಗಿ ಬಚ್ಚಲುಮನೆ, ಊಟದ ತಟ್ಟೆ, ಕಾರಿನ ಸ್ಟೇರಿಂಗ್‌ಗಳ ಸುತ್ತ. ರೋಗಿಯಿಂದ ಮಾಡಿಸುತ್ತಿರುವ ಕೆಲಸ ಯಾರ ಹಿತಕ್ಕೆ ಎಂಬುದು ಅವುಗಳೆಲ್ಲದರ ತಿರುಳು.

ಈ ಪ್ರಶ್ನೆ ವೃತ್ತಿಯಷ್ಟೇ ಹಳೆಯದು. ಶಿಕಾಗೊದ ಬಡ ವಲಸಿಗರ ನಡುವೆ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ತೆರೆದ ಸೇವಾಕೇಂದ್ರ ಹಲ್ ಹೌಸ್‌ನಲ್ಲಿ, ಮನೋರೋಗಿಗಳಿಗೆ ಕರಕೌಶಲದ ಮೂಲಕ ಚಿಕಿತ್ಸೆ ಕೊಡುವ ತರಬೇತಿ ನಡೆಯುತ್ತಿತ್ತು. 1911ರಲ್ಲಿ ಅದನ್ನು ಪಡೆದ ಎಲೀನರ್ ಕ್ಲಾರ್ಕ್ ಸ್ಲೇಗಲ್ ಮಿಷಿಗನ್‌ನ ಕಲಮಜೂ ಸರ್ಕಾರಿ ಮನೋರೋಗ ಆಸ್ಪತ್ರೆಗೆ ಹೋಗಿ ಅಲ್ಲಿನ ಸಿಬ್ಬಂದಿಗೆ ಕಲಿಸಿದರು. ಆ ಆಸ್ಪತ್ರೆಯಲ್ಲೇ 1922ರಲ್ಲಿ ಥೆರಪಿ ಶಾಲೆಯೂ ಶುರುವಾಯಿತು. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಸ್ಲೇಗಲ್ ಒಬ್ಬರು. ಇಂದಿನ ಅಮೆರಿಕನ್ ಆಕ್ಯುಪೇಷನಲ್ ಥೆರಪಿ ಅಸೋಸಿಯೇಷನ್ ಅದೇ.

ಆ ಕಾಲದ ಮನೋರೋಗ ಆಸ್ಪತ್ರೆಗಳಲ್ಲಿ ರೋಗಿಗಳು ಬುಟ್ಟಿ ಹೆಣೆಯುತ್ತಿದ್ದರು, ಬಟ್ಟೆ ನೇಯುತ್ತಿದ್ದರು. ಆಸ್ಪತ್ರೆಯ ಹೊಲದಲ್ಲಿ, ಬಟ್ಟೆ ಒಗೆಯುವ ಮನೆಯಲ್ಲಿ ಕೂಲಿಯಿಲ್ಲದೆ ದುಡಿಯುತ್ತಲೂ ಇದ್ದರು. ಮೊದಲನೆಯದು ಚಿಕಿತ್ಸೆ, ಎರಡನೆಯದು ಬಿಟ್ಟಿ ಚಾಕರಿ; ಎರಡನ್ನೂ ‘ಕೆಲಸ ಮನಸ್ಸಿಗೆ ಒಳ್ಳೆಯದು’ ಎಂಬ ಒಂದೇ ಮಾತಿನಿಂದ ಸಮರ್ಥಿಸಬಹುದಿತ್ತು. ಇಂಥ ದುಡಿಮೆಗೂ ಕನಿಷ್ಠ ವೇತನದ ಕಾನೂನು ಅನ್ವಯಿಸುತ್ತದೆ ಎಂದು ಫೆಡರಲ್ ನ್ಯಾಯಾಲಯವೊಂದು ತೀರ್ಪು ಕೊಟ್ಟದ್ದು 1973ರಲ್ಲಿ.

ಈ ಸಂಘದ ಮೊದಲ ವಿಧ್ಯುಕ್ತ ನೀತಿಸಂಹಿತೆ ಬಂದದ್ದು 1977ರಲ್ಲಿ. ಹಲವು ಬಾರಿ ತಿದ್ದಿದ ಮೇಲೆ ಬಂದ 2020ರ ಆವೃತ್ತಿ ಆರು ತತ್ವಗಳ ಮೇಲೆ ನಿಂತಿದೆ: ಒಳಿತು ಮಾಡುವುದು, ಹಾನಿ ಮಾಡದಿರುವುದು, ರೋಗಿಯ ಸ್ವನಿರ್ಧಾರಕ್ಕೆ ಬೆಲೆ ಕೊಡುವುದು, ನ್ಯಾಯ, ಸತ್ಯ, ನಿಷ್ಠೆ. ಓದುವಾಗ ಇವು ಯಾರೂ ತಕರಾರು ತೆಗೆಯದ ಸುಭಾಷಿತಗಳಂತೆ ಕಾಣುತ್ತವೆ. ತಕರಾರು ಏಳುವುದು ಒಂದು ತತ್ವ ಇನ್ನೊಂದಕ್ಕೆ ಅಡ್ಡ ಬಂದಾಗ, ಅಥವಾ ಎರಡರ ನಡುವೆ ಹಣ ನುಸುಳಿದಾಗ.

ಹಣ ನುಸುಳಿದ ಬಗೆಗೆ ನರ್ಸಿಂಗ್ ಹೋಮ್‌ಗಳ ಬಿಲ್ಲಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2019ರ ಸೆಪ್ಟೆಂಬರ್‌ವರೆಗೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇವುಗಳಿಗೆ ಹಣ ಕೊಡುತ್ತಿದ್ದದ್ದು ಬಹುಮಟ್ಟಿಗೆ ಥೆರಪಿಯ ನಿಮಿಷ ಎಣಿಸಿ. ಎಲ್ಲ ಬಗೆಯ ಥೆರಪಿ ಸೇರಿ ವಾರಕ್ಕೆ 720 ನಿಮಿಷ ಮುಟ್ಟಿದರೆ ಅತಿ ಹೆಚ್ಚಿನ ದರ. ಸುಸ್ತಾಗಿ ಮಲಗಿದ ವೃದ್ಧೆಯನ್ನು ಎಬ್ಬಿಸಿ ಇನ್ನಷ್ಟು ನಿಮಿಷ ತುಂಬಿಸುವ ಒತ್ತಡ ಬಿದ್ದದ್ದು ಥೆರಪಿಸ್ಟ್‌ಗಳ ಮೇಲೆ. ಆ ವರ್ಷದ ಅಕ್ಟೋಬರ್ 1ರಿಂದ ಲೆಕ್ಕ ಬದಲಾಯಿತು; ನಿಮಿಷದ ಬದಲು ರೋಗಿಯ ಸ್ಥಿತಿಗೆ ಅನುಗುಣವಾಗಿ ದರ. ಈಗಿನ ಆಮಿಷ ತಿರುಗುಮುರುಗು: ಕಡಿಮೆ ಥೆರಪಿ ಕೊಟ್ಟರೆ ಖರ್ಚು ಉಳಿಯುತ್ತದೆ. ಸಂಹಿತೆಯ ಉತ್ತರ ಮಾತ್ರ ಎರಡು ಕಾಲಕ್ಕೂ ಒಂದೇ: ಎಷ್ಟು ಬೇಕೆಂಬುದನ್ನು ರೋಗಿಯ ಅಗತ್ಯ ಹೇಳಬೇಕು, ಕೊಟ್ಟಷ್ಟನ್ನೇ ದಾಖಲೆಯಲ್ಲಿ ಬರೆಯಬೇಕು.

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟಗಳ ಸುತ್ತಲಿನ ಕುಟುಂಬಗಳಿಗೆ ಹೆಚ್ಚು ತಾಗುವುದು ಸ್ವನಿರ್ಧಾರದ ತತ್ವ. ನೇಪರ್‌ವಿಲ್‌ನಲ್ಲೋ ನೊವೈಯಲ್ಲೋ ಮಗ–ಸೊಸೆಯ ಜೊತೆಗಿರುವ ಅಜ್ಜಿಯ ಬಲಗೈ ಸೋತಿದೆ ಎನ್ನೋಣ. ಚಮಚ ಹಿಡಿಯುವುದನ್ನು ಕಲಿಸುವುದು ಆಸ್ಪತ್ರೆಯ ವಾಡಿಕೆಯ ಗುರಿ. ಅಜ್ಜಿಗೆ ಬೇಕಿರುವುದು ಸಾರನ್ನ ಕಲಸಿ ತಿನ್ನುವುದು, ಸೀರೆಯ ನೆರಿಗೆ ಹಿಡಿಯುವುದು, ದೇವರ ಮುಂದೆ ನೆಲದ ಮೇಲೆ ಕೂತು ಏಳುವುದು. ಸಮರ್ಥ ಥೆರಪಿಸ್ಟ್ ಇವನ್ನೇ ಗುರಿಯಾಗಿ ಬರೆದುಕೊಳ್ಳುತ್ತಾರೆ. ಮಗ ‘ಅಮ್ಮನಿಗೆ ಈ ವಯಸ್ಸಲ್ಲಿ ಯಾಕೆ ತೊಂದರೆ, ನಾವೇ ತಿನ್ನಿಸುತ್ತೇವೆ’ ಎಂದಾಗ ವಿಷಯ ಜಟಿಲವಾಗುತ್ತದೆ. ಎಲ್ಲವನ್ನೂ ತಾನೇ ಮಾಡಿಕೊಳ್ಳುವುದೇ ಘನತೆ ಎಂಬುದು ಅಮೆರಿಕದ ಆಸ್ಪತ್ರೆಗಳಲ್ಲಿ ಬೇರೂರಿದ ನಂಬಿಕೆ. ತತ್ವ ಅಷ್ಟು ದೂರ ಹೋಗುವುದಿಲ್ಲ. ಯಾವುದನ್ನು ತಾನು ಮಾಡಬೇಕು, ಯಾವುದನ್ನು ಮಗನಿಗೆ ಬಿಡಬೇಕು ಎಂದು ತೀರ್ಮಾನಿಸುವ ಹಕ್ಕು ಅಜ್ಜಿಯದು ಎಂದಷ್ಟೇ ಅದರ ಅರ್ಥ. ಮಗನ ಎದುರು ‘ಹೂಂ’ ಅಂದದ್ದು ಒಪ್ಪಿಗೆಯೋ ಸಂಕೋಚವೋ ತಿಳಿಯಲು ಅವರನ್ನು ಬೇರೆಯಾಗಿ, ಕನ್ನಡದಲ್ಲೇ ಕೇಳಬೇಕು.

‘ಕೈ ಪೂರ್ತಿ ಸರಿಹೋಗದು ಅಂತ ಅವರಿಗೆ ಹೇಳಬೇಡಿ’ ಎಂಬ ಕೋರಿಕೆಯೂ ಸಾಮಾನ್ಯ. ಎಷ್ಟು, ಯಾವಾಗ ತಿಳಿಯಬೇಕೆಂದು ರೋಗಿಯನ್ನೇ ಕೇಳಬಹುದು, ಆದರೆ ಸತ್ಯದ ತತ್ವದಂತೆ ಸುಳ್ಳು ಹೇಳುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಬಂದ ತಂದೆತಾಯಿಗೆ ಮೆಡಿಕೇರ್ ಇಲ್ಲ ಎಂಬ ಕನಿಕರದಿಂದ ಖಾಸಗಿ ವಿಮೆಯ ಕಾಗದದಲ್ಲಿ ರೋಗದ ವಿವರ ತಿರುಚುವುದೂ ಅದೇ ತತ್ವಕ್ಕೆ ವಿರುದ್ಧ.

ಕಾರಿನ ಪ್ರಶ್ನೆ ಡೆಟ್ರಾಯಿಟ್ ಸುತ್ತ ಕಠಿಣ. ಟ್ರಾಯ್, ಕ್ಯಾಂಟನ್‌ಗಳಂಥ ಉಪನಗರಗಳಲ್ಲಿ ಕಾರು ಬಿಟ್ಟವರಿಗೆ ದೇವಸ್ಥಾನ, ಅಂಗಡಿ, ಸ್ನೇಹಿತರ ಮನೆ ಎಲ್ಲವೂ ದೂರವಾಗುತ್ತವೆ. ನೆನಪು, ದೃಷ್ಟಿ, ಪ್ರತಿಕ್ರಿಯೆಯ ವೇಗ ಪರೀಕ್ಷಿಸಿ ಚಾಲನೆ ಸುರಕ್ಷಿತವೇ ಎಂದು ಹೇಳುವುದು ಥೆರಪಿಸ್ಟರ ಕೆಲಸ. ಪರವಾನಗಿ ರದ್ದುಮಾಡುವ ಅಧಿಕಾರ ಇಲಿನಾಯ್, ಮಿಷಿಗನ್ ಎರಡೂ ರಾಜ್ಯಗಳಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯದು. ರೋಗಿಯ ಸ್ವಾತಂತ್ರ್ಯ ದೊಡ್ಡದೇ. ರಸ್ತೆಯಲ್ಲಿರುವ ಮಗುವಿನ ಜೀವ ಅದಕ್ಕಿಂತ ದೊಡ್ಡದು.

ಸಂಹಿತೆ ಮುರಿದವರಿಗೆ ಸಂಘ ಛೀಮಾರಿ ಹಾಕಬಹುದು, ಸದಸ್ಯತ್ವ ಕಸಿಯಬಹುದು, ಅಷ್ಟೆ. ವೃತ್ತಿ ಪರವಾನಗಿಯ ಮೇಲಿನ ದೂರನ್ನು ವಿಚಾರಿಸುವುದು ರಾಜ್ಯದ ಪರವಾನಗಿ ಇಲಾಖೆ. ಆದರೆ ಹೆಚ್ಚಿನ ಎಡವಟ್ಟುಗಳು ದೂರಿನ ಮಟ್ಟದವಲ್ಲ, ಭಾಷೆ ತಿಳಿಯದೆ ಆಗುವಂಥವು. ಹಿರಿಯರ ಮಾತನ್ನು ಮೊಮ್ಮಗಳ ಬಾಯಲ್ಲಿ ಅನುವಾದಿಸಿ ಮುಗಿಸುವ ಬದಲು, ಮೊದಲ ಭೇಟಿಯಲ್ಲೇ ಕನ್ನಡ ದುಭಾಷಿಯನ್ನು ಕೇಳಿ ಪಡೆಯಿರಿ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಅದಕ್ಕೆ ರೋಗಿಯಿಂದ ಶುಲ್ಕ ಕೇಳುವಂತಿಲ್ಲ.